ತೌನೊನ ಪೆಟ್ಟಿಗೆ ಕಲಿತ ಮೌರಕ್ಕ

"ಕರೇಲಿಯಾದವಳು ಬಂದಳು, ಕೋಟು ಬಿಚ್ಚಿಡಬೇಡಿ, ಗುಂಡಿ ಮಾಯವಾಗುತ್ತೆ" ಅಂತ ನಮ್ಮ ಹಳ್ಳಿಯವರು ಮೌರಕ್ಕನನ್ನು ಆಡಿಕೊಳ್ಳುತ್ತಿದ್ದರು. ಸುಳ್ಳೇನಲ್ಲ. ನನ್ನ ಗಂಡನ ಹಳೇ ಕೋಟಿನಿಂದಲೇ ಒಂಬತ್ತು ಗುಂಡಿ ಹೋಗಿದ್ದವು. ಎಲ್ಲಿಗೆ ಹೋದವು ಅಂತ ನನಗೆ ಗೊತ್ತಿತ್ತು, ಬಾಯಿ ಬಿಡಲಿಲ್ಲ.

ಯುದ್ಧ ಮುಗಿದು ಅವಳ ಕರೇಲಿಯಾ ಸೀಮೆ ರಷ್ಯಾದ ಪಾಲಾದಾಗ, ಸರ್ಕಾರ ಅವಳನ್ನು ಫಿನ್ಲೆಂಡಿನ ಈ ಮೂಲೆಗೆ, ನಮ್ಮ ಮನೆಯ ಹಿಂದಿನ ಕೋಣೆಗೆ ತಂದುಬಿಟ್ಟಿತ್ತು. ನಾನು ಆ ಮನೆಗೆ ಸೊಸೆಯಾಗಿ ಬಂದದ್ದೂ ಅದೇ ವರ್ಷ. ಗಡಿ ದಾಟುವಾಗ ಜನ ಹಸು ತಂದರು, ಪಾತ್ರೆ ತಂದರು. ಇವಳು ಬೆನ್ನಿಗೆ ಕಟ್ಟಿಕೊಂಡು ತಂದದ್ದು ಅಪ್ಪನ ಗುಂಡಿ ಅಕಾರ್ಡಿಯನ್, ತಿದಿ ಎಳೆಯುತ್ತ ಗುಂಡಿ ಒತ್ತಿ ನುಡಿಸುವ ಪೆಟ್ಟಿಗೆ. ಅವಳ ಸೀಮೆಯಲ್ಲಿ ಅವಳಿಲ್ಲದೆ ಮದುವೆ ಆಗುತ್ತಿರಲಿಲ್ಲವಂತೆ.

ಇಲ್ಲಿ ಸರೋವರದ ದಡದಲ್ಲಿ ಹಲಗೆ ಹಾಸಿ ಕಟ್ಟಿದ ಕುಣಿತದ ಅಟ್ಟಕ್ಕೆ ತೌನೊ ಒಬ್ಬನೇ ದೊರೆ. ಪ್ರತಿ ಶನಿವಾರ ಸಂಜೆ ಅವನು ತಿದಿ ಎಳೆದರೆ ಮಾತ್ರ ಊರಿನ ಕಾಲು ಏಳುವುದು. ಮೊದಲ ಬೇಸಿಗೆಯಲ್ಲಿ ಅವನು ನಮ್ಮ ಮನೆಗೇ ಬಂದು ಅವಳ ಪೆಟ್ಟಿಗೆ ಬಿಚ್ಚಿಸಿ ನೋಡಿ, ಹೊಗಳಿ, ಹೋದ. ಮಾರನೇ ದಿನ ಅಟ್ಟಕ್ಕೆ ಕರೆದ.

"ನಿನ್ನ ಹಳೇ ಪೆಟ್ಟಿಗೆ ಯಾಕಮ್ಮ ಮೌರಾ? ಇಗೋ, ನನ್ನದೇ ತಗೋ."

ಹೊರಗಿಂದ ನೋಡಿದರೆ ಎರಡೂ ಒಂದೇ: ಐದು ಸಾಲು ಗುಂಡಿ. ಆದರೆ ಅವಳದರಲ್ಲಿ ಸ್ವರ ತಿದಿಯ ಕಡೆಯಿಂದ ಅಂಚಿಗೆ ಏರುತ್ತಿತ್ತು, ಅವನದರಲ್ಲಿ ಅಂಚಿನಿಂದ ತಿದಿಯ ಕಡೆಗೆ. ಕನ್ನಡಿಯೊಳಗೆ ನೋಡಿದ ಹಾಗೆ. ಎಡಗೈ ಕಡೆ ಇನ್ನೂ ಕಷ್ಟ. ಅವಳದು ಒಂದು ಗುಂಡಿಗೆ ಒಂದೇ ಸ್ವರ, ಮೂರು ಬೆರಳಿಟ್ಟು ತಾನೇ ಸ್ವರಮೇಳ ಕಟ್ಟಬೇಕು. ಅವನದರಲ್ಲಿ ಒಂದು ಗುಂಡಿ ಒತ್ತಿದರೆ ಮೂರು ಸ್ವರ ಕಟ್ಟಿಕೊಂಡೇ ಬರುತ್ತವೆ. ತೌನೊಗೆ ಇದೆಲ್ಲ ಗೊತ್ತು, ಹಿಂದಿನ ದಿನ ನೋಡಿದ್ದನಲ್ಲ. ಅವಳಿಗೆ ಗೊತ್ತಿರಲಿಲ್ಲ.

ಯಾವಾಗಿನಂತೆ ಕಣ್ಣು ಮುಚ್ಚಿ ಶುರು ಮಾಡಿದಳು. ಏರಬೇಕಾದ ಹಾಡು ಮುಗ್ಗರಿಸಿತು. ಎಡಗಡೆ ಮೂರು ಬೆರಳಿಗೆ ಮೂರು ಮೇಳ ಒಟ್ಟಿಗೆ, ಮೂರು ಹೋರಿ ಒಂದೇ ಬಾಗಿಲಲ್ಲಿ ಸಿಕ್ಕಿಕೊಂಡಂತೆ ಅರಚಿದವು ಅಂತ ಊರೆಲ್ಲ ಆಡಿಕೊಂಡಿತು.

"ರಷ್ಯಾದ ಪಕ್ಕ ಇದ್ದೂ ಇದ್ದೂ ಇವರ ಹಾಡೇ ಹಿಂದುಮುಂದಾಗಿದೆ ನೋಡ್ರಪ್ಪೋ!" ಅಂದ ತೌನೊ. ಅಟ್ಟ ಅಲುಗುವಷ್ಟು ನಕ್ಕರು.

ಮನೆಗೆ ಬಂದಾಗ ನನ್ನ ಅತ್ತೆ ಹುಲ್ದಾ ಕಾಫಿ ಬಗ್ಗಿಸಿ ಕೊಟ್ಟರು. "ಕುಡಿಯೇ. ನಕ್ಕವರ ಹಲ್ಲು ಒಂದಿನ ಉದುರುತ್ತೆ."

"ಉದುರೋವರೆಗೂ ಕಾಯೋಳಲ್ಲ ಅಮ್ಮ. ನಾನೇ ಉದುರಿಸ್ತೀನಿ."

ಆಮೇಲೇ ಕೋಟಿನ ಗುಂಡಿಗಳು ಮಾಯವಾಗತೊಡಗಿದ್ದು. ರೊಟ್ಟಿ ಹಲಗೆಯ ಮೇಲೆ ತೌನೊನ ಪೆಟ್ಟಿಗೆಯಂತೆಯೇ ಅವನ್ನು ಐದು ಸಾಲಾಗಿ ಅಂಟಿಸಿಕೊಂಡಳು. ಹಾಲು ಕರೆದು ಬಂದವಳೇ ಆ ಮೂಕ ಹಲಗೆ ಮೇಲೆ ಬೆರಳಾಡಿಸುವಳು, ತಪ್ಪಿದರೆ ತನ್ನ ಕೈಗೆ ತಾನೇ ಹೊಡೆದುಕೊಳ್ಳುವಳು. ಎಡಗೈಯ ಮೂರು ಬೆರಳು ಒಟ್ಟಿಗೆ ಎರಗುವ ಚಾಳಿ ಬಿಡಲೆಂದು ಎರಡನ್ನು ಉಣ್ಣೆ ದಾರದಲ್ಲಿ ಬಿಗಿಯುತ್ತಿದ್ದಳು. ಮೂರನೇ ಚಳಿಗಾಲಕ್ಕೆ ಪಕ್ಕದೂರಿನ ಚಮ್ಮಾರನ ಹತ್ತಿರ ಅಂಥದ್ದೇ ಪೆಟ್ಟಿಗೆ ಇದೆಯೆಂದು ತಿಳಿಯಿತು. ಅವನ ಮನೆಯವರಿಗೆಲ್ಲ ಕಾಲುಚೀಲ ಹೆಣೆದುಕೊಟ್ಟು, ಭಾನುವಾರಗಳಲ್ಲಿ ಅದನ್ನು ನುಡಿಸಿ ಬರತೊಡಗಿದಳು.

ಬೇಸಿಗೆಯ ಶನಿವಾರಗಳಲ್ಲಿ ಅಟ್ಟದ ಪಕ್ಕ ನಿಂತು ತೌನೊನ ಬೆರಳನ್ನೇ ನುಂಗುವಂತೆ ನೋಡುವಳು. ಆ ಮಂಕ ಇದನ್ನು ಪ್ರೀತಿ ಅಂದುಕೊಂಡ. ಹೊಸ ಅಂಗಿ ಹೊಲಿಸಿಕೊಂಡ.

"ಏನು ಮೌರಾ, ನನ್ನ ಕೈ ಅಷ್ಟು ಚೆಂದವಾ?"

"ಇನ್ನೂ ಪೂರ್ತಿ ನೋಡಿಲ್ಲ," ಅನ್ನುವಳು.

ಮೂರು ವರ್ಷ ಕಳೆದ ಮೇಲಿನ ನಡುಬೇಸಿಗೆಯ ಹಬ್ಬ. ಬರ್ಚ್ ಮರದ ಕೊಂಬೆ ಕಟ್ಟಿದ ಅಟ್ಟದ ಮೇಲೆ ತೌನೊ ಸಲಿಗೆಯಿಂದ ಅವಳನ್ನು ಕರೆದು, ಮತ್ತೆ ತನ್ನ ಪೆಟ್ಟಿಗೆಯನ್ನೇ ಕೊಟ್ಟ. "ಇನ್ನೊಂದ್ಸಲ ನಗಿಸು, ಚಿನ್ನ."

ಅವಳು ಅವನು ನುಡಿಸುತ್ತಿದ್ದ ವಾಲ್ಟ್ಸ್ ಕುಣಿತದ ಹಾಡನ್ನೇ ಎತ್ತಿಕೊಂಡಳು. ಈ ಸಲ ಕಣ್ಣು ಮುಚ್ಚಲಿಲ್ಲ, ಅವನನ್ನೇ ನೋಡುತ್ತ ನುಡಿಸಿದಳು. ಅವನು ಹಾರಿಸಿಬಿಡುತ್ತಿದ್ದ ತಿರುವುಗಳನ್ನೂ ಬಿಡಲಿಲ್ಲ. ಕುಣಿಯುವವರು ನಿಲ್ಲಲಿಲ್ಲ, ಅವಳೂ ನಿಲ್ಲಿಸಲಿಲ್ಲ. ಕೊನೆಗೆ ಪಟ್ಟಿ ಬಿಚ್ಚಿ ಅವನದನ್ನು ಕೆಳಗಿಳಿಸಿ, ಮನೆಯಿಂದ ಹೊತ್ತು ತಂದಿದ್ದ ತನ್ನಪ್ಪನ ಅಕಾರ್ಡಿಯನ್ನನ್ನು ಅವನ ತೊಡೆಯ ಮೇಲಿಟ್ಟಳು.

"ಈಗ ನೀವು ನುಡಿಸಿ, ತೌನೊ ಅವರೇ. ನನ್ನದರಲ್ಲಿ."

ಅವನು ಎರಡು ಸಲ ತಿದಿ ಎಳೆದ. ಬಂದ ಶಬ್ದಕ್ಕೆ ಮಕ್ಕಳೂ ಕಿವಿ ಮುಚ್ಚಿಕೊಂಡವು. "ಹೋರಿ ಸಿಕ್ಕೊಂಡ್ವು!" ಅಂತ ಯಾರೋ ಕೂಗಿದರು. ತೌನೊ ಕೆಂಪಗಾಗಿ ಇಳಿದುಹೋದವನು ಮತ್ತೆ ಅಟ್ಟ ಹತ್ತಲಿಲ್ಲ.

ನಾನಾಗಿದ್ದರೆ ಅಲ್ಲಿಗೆ ಸಾಕು ಅನ್ನುತ್ತಿದ್ದೆ. ಅವಳಿಗೆ ಸಾಕಾಗಲಿಲ್ಲ. ಬುಧವಾರ ಅಟ್ಟದ ಉಸ್ತುವಾರಿ ವಿಲ್ಹೋ ಟೋಪಿ ಕೈಯಲ್ಲಿ ಹಿಡಿದು ಬಂದ.

"ಶನಿವಾರದಿಂದ ನೀನೇ ನುಡಿಸಬೇಕು ತಾಯಿ. ಊರೆಲ್ಲ ಕೇಳ್ತಿದೆ."

"ಅವತ್ತು ನೀನೂ ನಕ್ಕೆ, ವಿಲ್ಹೋ. ಹೊಟ್ಟೆ ಹಿಡ್ಕೊಂಡು."

"ಅಯ್ಯೋ, ಮೂರು ವರ್ಷದ ಮಾತು!"

"ನನಗೆ ನಿನ್ನೆಯ ಮಾತು. ಆಚೆ ದಡದ ಅಟ್ಟಕ್ಕೆ ಒಪ್ಪಿಕೊಂಡಿದ್ದೀನಿ, ಇದೇ ಶನಿವಾರಕ್ಕೆ. ನಿಮ್ಮ ಜನ ದೋಣಿ ಹತ್ತಿ ಬರಲಿ."

"ಈ ಅಟ್ಟ ಹಾಳು ಬೀಳುತ್ತಲ್ಲೇ?"

"ಬೀಳಲಿ."

ಶುಕ್ರವಾರ ಬೆಳಿಗ್ಗೆ ಅವಳು ಹೊರಟಾಗ ಅತ್ತೆ ಬುತ್ತಿಗೆ ರೈ ಧಾನ್ಯದ ರೊಟ್ಟಿ ಕಟ್ಟಿಕೊಟ್ಟು, "ಇಷ್ಟು ಸಿಟ್ಟು ಹೊತ್ಕೊಂಡು ಹೇಗೆ ನಡೀತೀಯೇ?" ಅಂದರು.

"ಅಭ್ಯಾಸ ಆಗಿದೆ ಅಮ್ಮ," ಅಂದು ಮೌರಕ್ಕ ಅವರ ಕೈಗೆ ಮುತ್ತಿಟ್ಟು, ಅಪ್ಪನ ಪೆಟ್ಟಿಗೆ ಬೆನ್ನಿಗೇರಿಸಿಕೊಂಡು ಮೆಟ್ಟಿಲಿಳಿದಳು. ಆಚೆ ದಡಕ್ಕೆ ಹೋಗುವ ಬಸ್ಸು ನಿಲ್ಲುವುದು ಬಲಕ್ಕೆ. ಅವಳು ಎಡಕ್ಕೆ ಹೊರಳಿ ತೌನೊನ ಬೇಲಿಯ ತನಕ ಹೋದಳು, ನಿಂತಳು, ನಾವ್ಯಾರೂ ಕೇಳಿರದ ಅವಳ ಸೀಮೆಯ ಹಾಡೊಂದನ್ನು ಮೊದಲಿಂದ ಕೊನೆವರೆಗೆ, ಗಟ್ಟಿಯಾಗಿ ನುಡಿಸಿದಳು. ಅವನ ಮನೆಯ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು.