ಮುತ್ಯಾನ ಗೂಟ, ಮೊಮ್ಮಗಳ ಟವಲ್

ನಮ್ಮ ಮೊಮ್ಮಗಳು ಸಾಕ್ಷಿ ಇವತ್ತು ಮಾರಿ ಮ್ಯಾಲಿನ ಓಢಣಿ ಬಿಚ್ಚಿದಳ್ರಿ! ಮುಂಜಾನೆ ಮಾರಿ ತೊಳಕೊಂಡು ಹೊರಗ ಬಂದಾಕಿ, ಓಢಣಿ ಕಟ್ಟಿಕೊಳ್ಳದ ಹಂಗ ಸ್ಕೂಟಿ ಹತ್ತಿ ನಿಪ್ಪಾಣಿ ಕಾಲೇಜಿಗೆ ಹೋದಳು. ನಾನು ಹೊತ್ತು ಏರೂದರೊಳಗ ಓಣಿ ತುಂಬ ಸಕ್ಕರಿ ಹಂಚಿ ಬಂದೆ. "ಯಾಕ ಆಯಿ, ಮೊಮ್ಮಗಳ ಲಗ್ನ ಗಟ್ಟಿ ಆತೇನು?" ಅಂತ ಕೇಳಿದರು. "ಲಗ್ನ ಯಾರಿಗೆ ಬೇಕವ್ವಾ, ಹುಡಿಗಿ ಮಾರಿ ತಿರಗಿ ಸಿಕ್ಕೈತಿ" ಅಂದೆ. ಮುದಕಿಗೆ ಅರಳು ಮರಳು ಅಂತ ನಕ್ಕರು. ನಗಲಿ ಬಿಡ್ರಿ.

ಆಕಿ ಮಾರಿಗೆ ಒತ್ತಿಕೊಂಡ ಸಣ್ಣ ಟವಲ್ ಬಚ್ಚಲ ಬಾಗಲದ ಗೂಟಕ್ಕ ಇನ್ನೂ ತೂಗಾಕತ್ತೈತಿ. ಬಿಳೀದು, ಮೆತ್ತಗಿಂದು. ಆ ಗೂಟ ನಮ್ಮನಿಯವರದು. ಅವರು ತೀರಿಕೊಂಡ ಮ್ಯಾಲ ಅದಕ್ಕ ನಾನು ಏನೂ ಹಾಕಗೊಟ್ಟಿರಲಿಲ್ಲ. ಮಗ ಅಪ್ಪಾಸಾಬ ಒಮ್ಮೆ ತೊಯ್ದ ಛತ್ರಿ ತೂಗಹಾಕಿದ್ದಕ್ಕ ಅವನ ಕೂಡ ಮಾತು ಬಿಟ್ಟಿದ್ದೆ. ಛತ್ರಿಗೇನು ಗೊತ್ತು ಪಾಪ.

ನಮ್ಮನಿಯವರದು ಎಣ್ಣಿ ಮಾರಿ. ನನ್ನ ನೋಡಾಕ ಬಂದ ದಿನ ನಮ್ಮಕ್ಕ ಕಿಡಕ್ಯಾಗಿಂದ ಹಣಿಕಿ ಹಾಕಿ, "ತಂಗಿ, ವರ ತನ್ನ ಬೆಳಕ ತಾನ ತಂದಾನ, ನಿಮ್ಮನ್ಯಾಗ ಕಂದೀಲಿನ ಖರ್ಚಿಲ್ಲ" ಅಂದಿದ್ದಳು. ಚಂದ ಕಾಣಲಿ ಅಂತ ಎಣ್ಣಿ ಹಚಗೊಂಡ ಬಂದಾರ ಅಂತ ನಾ ತಿಳಕೊಂಡಿದ್ದೆ. ಮದವಿ ಆದ ಮ್ಯಾಲ ಗೊತ್ತಾತು, ಅದು ಹಚ್ಚಿದ್ದಲ್ಲ, ಹುಟ್ಟಿದ್ದು. ಕಬ್ಬಿನ ಹೊಲದಿಂದ ಬಂದು ತಣ್ಣೀರಿಲೆ ತೊಳಕೊಂಡು ಒರಸಿಕೊಂಡರ, ಚಹಾ ಕುಡಿಯೂದರೊಳಗ ಹಣಿ ಮತ್ತ ಮಿರಿಮಿರಿ. ನಾ ಕುಂಕುಮ ಹಚಗೊಳ್ಳಾಕ ಕನ್ನಡಿ ಹುಡುಕಿದರ, "ಕನ್ನಡಿ ಯಾಕ? ಇಲ್ಲೇ ನೋಡಕೊ" ಅಂತ ಹಣಿ ಮುಂದ ಚಾಚತಿದ್ದರು. ಸಂಜೀಕ ಉಣ್ಣಾಕ ಎಲ್ಲಾರೂ ಸಾಲಾಗಿ ಕುಂತ ಮ್ಯಾಲ, ರೊಟ್ಟಿ ಕೈಯಾಗ ಹಿಡಕೊಂಡು, "ಎಲ್ಲಾರೂ ಬಂದ್ರೇನು?" ಅಂತ ಕೇಳತಿದ್ದರು. ಬಂದಾರ ಅಂತ ನಾ ಅಂದ ಮ್ಯಾಲನ ರೊಟ್ಟಿ ಮುರಿಯೂದು.

ಆ ಮಾರಿ ಮಗಗ ಬರಲಿಲ್ಲ. ಒಂದ ತಲಿಮಾರು ದಾಟಿ ಮೊಮ್ಮಗಳಿಗೆ ಬಂತು. ಸಣ್ಣಾಕಿದ್ದಾಗ ನನಗ ಅದ ಒಂದು ಹಬ್ಬ. ಆಕಿ ಹಣಿ ಹೊಳದರ ಅವರ ನನ್ನ ಎದುರಿಗೆ ಬಂದು ಕುಂತಂಗ. ಕಾಲೇಜಿಗೆ ಹೋಗಾಕ ಹತ್ತಿದ ಮ್ಯಾಲ ಗಲ್ಲದ ತುಂಬ ಮೊಡವಿ ಎದ್ದವು. ಅಥಣಿಯೊಳಗ ಒಂದು ಲಗ್ನದಾಗ ಬೀಗರ ಪೈಕಿ ಹೆಣಮಗಳೊಬ್ಬಾಕಿ ಮಂದಿ ಮುಂದ, "ಏನ ಬೇ ಸಾಕ್ಷಿ, ನಿನ್ನ ಮಾರಿ ಮ್ಯಾಲ ಹಪ್ಪಳಾ ಕರೀಬೌದಲ್ಲ!" ಅಂದಳು. ಎಲ್ಲಾರೂ ನಕ್ಕರು. ಹುಡಿಗೀನೂ ನಕ್ಕಳು. ಆ ನಗು ನನಗ ಸೇರಲಿಲ್ಲ.

ಮರುದಿನದಿಂದ ಓಢಣಿ ಬಂತು. ಧೂಳಿಗೆ ಅಂತ ಸ್ಕೂಟಿ ಮ್ಯಾಲ ಎಲ್ಲಾ ಹುಡಿಗ್ಯಾರೂ ಮಾರಿ ಕಟಗೊಂತಾರ, ಖರೆ. ಈಕಿದು ಮನಿಗೆ ಬಂದರೂ ಬಿಚ್ಚಲಿಲ್ಲ. ಮಾರಿ ಮುಚಗೊಂಡು ಉಣ್ಣಾಕ ಹೆಂಗ ಬರತೈತ್ರಿ? ತಾಟು ತಗೊಂಡು ಖೋಲಿಗೆ ಹೋಗಾಕ ಹತ್ತಿದಳು. ಸಾಲಿನ್ಯಾಗ ಒಂದು ಜಾಗಾ ಖಾಲಿ. ಗೂಟ ಖಾಲಿ ಇದ್ದದ್ದು ಸಾಲದಂತ ಈ ಜಾಗಾನೂ. ಅವರನ್ನ ಎರಡನೇ ಸಲ ಕಳಕೊಂಡಂಗ ಆತು ನನಗ.

ಬಾಜೂಮನಿಯಾಕಿ ಲಿಂಬಿಹಣ್ಣು ತಿಕ್ಕು ಅಂದಳು, ಇನ್ನೊಬ್ಬಾಕಿ ಹಲ್ಲಿನ ಪೇಸ್ಟ ಹಚ್ಚು ಅಂದಳು. ಹುಡಿಗಿ ಅರಿವಿ ಒಗಿಯೂ ಹಂಗ ತಾಸಿಗೊಮ್ಮೆ ಸಾಬಾನ ಹಚ್ಚಿ ಮಾರಿ ತಿಕ್ಕಿದಳು. ತೊಗಲು ಸುಲಿದು ಕೆಂಪಾತು, ಎಣ್ಣಿ ಮಾತ್ರ ನಿಲ್ಲಲಿಲ್ಲ. ಕಡೀಕ ನಾನ ಕೈ ಹಿಡಕೊಂಡು ಚಿಕ್ಕೋಡಿಗೆ ಚರ್ಮದ ಲೇಡಿ ಡಾಕ್ಟರ ಬಾಯಾರ ಹತ್ತಿರ ಕರಕೊಂಡು ಹೋದೆ.

"ದಿನಕ್ಕ ಎರಡ ಸಲ ಸಾಕು, ಮೆತ್ತಗಿನ ಫೇಸ್‌ವಾಶಿಲೆ ತೊಳಿ" ಅಂದರು ಡಾಕ್ಟರ ಬಾಯಾರು. "ಟವಲಿಲೆ ಒರಸಬ್ಯಾಡ, ಒತ್ತಿಕೋ. ಮ್ಯಾಲ ಎಣ್ಣಿ ಇಲ್ಲದ ತೆಳ್ಳನ ಕ್ರೀಮು. ಹೊರಗ ಹೋಗೂಮುಂದ ಬಿಸಿಲಿಗೆ ಸನ್‌ಸ್ಕ್ರೀನು. ರಾತ್ರಿ ಈ ಮಲಾಮು, ಕಡ್ಲಿ ಕಾಳಿನಷ್ಟು. ಮೊಡವಿ ಹಿಚಕಬ್ಯಾಡ."

ನನಗ ತಡಿಯಲಿಲ್ಲ. "ಎಣ್ಣಿ ಸುರಿಯೂ ಮಾರಿಗೆ ಮತ್ತ ಕ್ರೀಮು ಯಾಕ್ರಿ ಬಾಯಿ?"

"ಆಯಿ, ತಿಕ್ಕಿ ತಿಕ್ಕಿ ಒಣಗಿಸಿದರ ಚರ್ಮ ಸಿಟ್ಟಿಗೇಳತೈತ್ರಿ. ಸಮಾಧಾನ ಮಾಡಬೇಕು."

ಬಸ್ಸಿನ್ಯಾಗ ಬರೂಮುಂದ ನನಗ ನಮ್ಮ ಹೊಳಿ ದಂಡಿ ಹೊಲ ನೆನಪಾತು. ನಮ್ಮೂರು ಬೇಡಕಿಹಾಳದಾಗ ಕಬ್ಬಿಗೆ ನೀರು ಬಿಟ್ಟು ಬಿಟ್ಟು ಆ ಹೊಲಾ ಸವಳಾಗಿತ್ತು, ಮ್ಯಾಲೆಲ್ಲಾ ಬೆಳ್ಳನ ಉಪ್ಪು. ಉಪ್ಪು ತೊಳದು ಹೋಗಲಿ ಅಂತ ಮಂದಿ ಇನ್ನಷ್ಟು ನೀರು ಬಿಡತಿದ್ದರು, ಉಪ್ಪು ಇನ್ನಷ್ಟು ಮ್ಯಾಲ ಬರತಿತ್ತು. ನಮ್ಮನಿಯವರು ನೀರು ಕಡಿಮಿ ಮಾಡಿ, ಬಸಿಗಾಲವಿ ತಗದು, ಹಸಿರುಗೊಬ್ಬರಕ್ಕ ಸೆಣಬು ಬಿತ್ತಿ ಸುಮ್ಮನ ಕಾಯ್ದರು. "ಭೂಮೀನ ಬೈದರ ಕೇಳೂದಿಲ್ಲ, ಕಾಯ್ದರ ಕೇಳತೈತಿ" ಅನ್ನತಿದ್ದರು. ಕೇಳಿತು ಕೂಡ.

ಇದನ್ನ ಸಾಕ್ಷಿಗೆ ಹೇಳಿದೆ. "ಅಂದರ ನನ್ನ ಮಾರಿ ಸವಳ ಭೂಮಿ ಅಂತೀಯೇನ ಬೇ ಆಯಿ?" ಅಂದಳು. ಓಢಣಿ ಮ್ಯಾಲಿನ ಎರಡೂ ಕಣ್ಣು ನಗಾಕತ್ತಿದ್ದವು. ಎಷ್ಟ ದಿನ ಆಗಿತ್ತೋ ಆ ಕಣ್ಣು ನಕ್ಕು.

ಅವತ್ತಿನಿಂದ ದಿನಾ ಮುಂಜಾನೆ ಬಚ್ಚಲ ಮುಂದ ಕಟಗಿ ಮಣಿ ಹಾಕಿಕೊಂಡು ನಾ ಕುಂಡರೂದು, ಆಕಿ ತೊಳಕೊಳ್ಳೂದು. "ಮೆತ್ತಗ, ಮೆತ್ತಗ" ಅನ್ನೂದೊಂದ ನನ್ನ ಕೆಲಸ. ಟವಲ್ ಒಣಹಾಕಾಕ ಜಾಗಾ ಹುಡುಕಿದಾಗ ನಾನ ಆ ಗೂಟ ತೋರಿಸಿದೆ. "ಮುತ್ಯಾಂದು?" ಅಂತ ಅನುಮಾನ ಮಾಡಿದಳು. "ಮಾರಿ ಅವರದ ತಗೊಂಡೀದಿ, ಗೂಟಾನೂ ತಗೊ" ಅಂದೆ. ಒಂದಿನ ನನ್ನ ಮೂಗಿಗೂ ಸನ್‌ಸ್ಕ್ರೀನು ಬಡದಳು. ಸೊಸಿ ಸುವರ್ಣಾ ನೋಡಿ, "ಅತ್ತೀ, ಬಣ್ಣಾ ಹಚಗೊಂಡು ಯಾವ ನಾಟಕಕ್ಕ ಹೊಂಟೀರಿ?" ಅಂದಳು. ನಡುವ ಒಂದೊಂದು ಮೊಡವಿ ತಿರಗಿ ಬಂದಾಗ ಹುಡಿಗಿ ಮತ್ತ ಖೋಲಿ ಸೇರತಿದ್ದಳು. ಸೆಣಬು ಬೆಳಿಯೂತನಕ ಕಾಯ್ದವರ ಹೆಣತಿ ನಾನು, ಬಾಗಲ ಹೊರಗ ಕುಂತು ಕಾಯ್ದೆ.

ಈಗ ಸಂಜಿ. ಹುಗ್ಗಿ ಮಾಡಸೇನಿ, ಎಣ್ಣಿಗಾಯಿ ಬದನಿಕಾಯಿನೂ. ಅಪ್ಪಾಸಾಬ, ಸುವರ್ಣಾ, ನಾನು ಕುಂತಿದ್ದಿವಿ. ಸಾಕ್ಷಿ ತಾಟು ಹಿಡಕೊಂಡು ಬಂದಳು, ಖೋಲಿ ಕಡೆ ತಿರಗಲಿಲ್ಲ, ನನ್ನ ಬಾಜೂಕ ಕುಂತಳು. ಗಲ್ಲದ ಮ್ಯಾಲ ಮೊಡವಿ ಕಲಿ ಇನ್ನೂ ಅದಾವು, ಇರಲಿ. ಹಣಿ ಮುಟ್ಟಿಕೊಂಡು, "ನೋಡ ಆಯಿ, ಸಂಜೀಕ ಮತ್ತ ಹೊಳ್ಯಾಕ ಹತ್ತೈತಿ. ಇಷ್ಟು ಹೊಳಪು ಇರೂದ ಅಂತ, ಡಾಕ್ಟರ ಬಾಯಾರು ಹೇಳ್ಯಾರ" ಅಂದಳು. ಒರಸಿಕೊಳ್ಳಾಕ ಸೆರಗು ಕೊಡಬೇಕಾಗಿತ್ತೇನೋ. ಕೊಡಲಿಲ್ಲ. ನೋಡಿಕೋತ ಕುಂತೆ.

ಅಪ್ಪಾಸಾಬ ರೊಟ್ಟಿ ಕೈಗೆ ತಗೊಂಡು ಅವರಪ್ಪನಂಗ ಕೇಳಿದ: "ಎಲ್ಲಾರೂ ಬಂದ್ರೇನು?"

ಆ ಹಣಿ ನೋಡಿದೆ. "ಎಲ್ಲಾರೂ ಬಂದಾರ. ಮುರಿಯಪ್ಪಾ" ಅಂದೆ.