ಹನನ್ಯನ ಬಾಯಿಗಿಟ್ಟ ಕಾಸು

ಜೆರಿಕೋದ ಖರ್ಜೂರದ ತೋಟಗಳಲ್ಲಿ ಶಪ್ಪಿರಕ್ಕನಷ್ಟು ದುಡಿದವರಿಲ್ಲ, ಅವಳಷ್ಟು ಜಗಳವಾಡಿದವರೂ ಇಲ್ಲ. ಗಂಡ ಬೇಗ ಹೋದ. ಹಣ್ಣು ಒತ್ತಿ ಅಚ್ಚು ಕಟ್ಟುತ್ತಲೇ ಒಬ್ಬನೇ ಮಗ ಹನನ್ಯನನ್ನು ಸಾಕಿದಳು. ಅವನು ಗ್ರೀಕರ ಮಾತು ಕಲಿತ, ಗ್ರೀಕ್ ಹೆಸರಿನ ಕ್ಯುಪ್ರಾಳನ್ನು ಮದುವೆಯಾದ. ಕ್ಯುಪ್ರಾ ನಮ್ಮ ಯೆಹೂದ್ಯರವಳೇ, ವಾರದ ಬಿಡುವಿನ ದಿನ ಸಬ್ಬತ್ತಿಗೆ ದೀಪ ಹಚ್ಚುವವಳೇ. ಆದರೂ ಆ ಹೆಸರು ಕೇಳಿದರೇ ಶಪ್ಪಿರಕ್ಕನಿಗೆ ಮೈ ಉರಿ.

ಹನನ್ಯ ಜ್ವರದಲ್ಲಿ ಸತ್ತಾಗ ಕ್ಯುಪ್ರಾ ಅವನ ಬಾಯಿಗೆ ಒಂದು ಕಾಸಿಟ್ಟು ದವಡೆಗೆ ಬಟ್ಟೆ ಬಿಗಿದಳು. ಸತ್ತವರನ್ನು ಹೊಳೆ ದಾಟಿಸುವ ಅಂಬಿಗನಿಗೆ ಅದು ಕೂಲಿ ಅನ್ನುತ್ತಾರೆ ಗ್ರೀಕರು. ಅತ್ತೆಗೆ ಇದು ಗೊತ್ತಾದದ್ದು ಹೆಣವನ್ನು ಗವಿಯಲ್ಲಿ ಮಲಗಿಸಿ ಬಂಡೆ ಮುಚ್ಚಿದ ಮೇಲೆ.

"ಅಯ್ಯೋ ಪಾಪಿ! ಕಡೇ ದಿನ ದೇವರು ಎಲ್ಲರನ್ನೂ ಎಬ್ಬಿಸ್ತಾನೆ. ನನ್ನ ಮಗ ಆಚೆ ದಡದಲ್ಲಿ ಕೂತಿದ್ರೆ ಈ ಮೂಳೆಯಿಂದ ಎದ್ದು ಬರೋರು ಯಾರೇ?"

"ದಾಟದೇ ಇದ್ರೆ ದಡದಲ್ಲೇ ಅಲೀತಾರಂತೆ ಅತ್ತೆ. ನಿಮ್ಮ ಮಗ ಅಲೀಬೇಕಾ?"

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಹೆಣಕ್ಕೂ ನೆಮ್ಮದಿಯಿಲ್ಲ! ಮೂಳೆ ಆರಿಸಿ ಎತ್ತಿಡುವ ತನಕ ಜೀವ ಅಲ್ಲೇ ಸುಳಿದಾಡುತ್ತದೆ ಅನ್ನುತ್ತಾರೆ ನಮ್ಮವರು. ವರ್ಷ ತುಂಬಿ ಮೂಳೆಗಳನ್ನು ಕಲ್ಲಿನ ಪೆಟ್ಟಿಗೆಗೆ ತುಂಬುವ ದಿನ ಬರಲಿ, ಆ ಕಾಸು ಕಿತ್ತೆಸೆದು ಮಗನನ್ನು ಉಳಿಸಿಕೊಳ್ಳುತ್ತೇನೆ ಎಂದು ಶಪ್ಪಿರಕ್ಕ ಕಾದಳು.

ಆ ದಿನ ದೀಪ ಹಿಡಿಯಲು ನೆರೆಯವಳಾದ ನನ್ನನ್ನೂ ಕರೆದರು. ಬಂಡೆಯ ಸುತ್ತ ಮೆತ್ತಿದ್ದ ಗಾರೆ ಬಿರುಕೂ ಬಿಟ್ಟಿರಲಿಲ್ಲ. ಹೊರಗೆ ಸುಡುವ ಬಿಸಿಲು, ಒಳಗೆ ಕೆಸರಿನ ವಾಸನೆ. ಆ ಒಣಗುಡ್ಡದಲ್ಲಿ ನೀರೆಲ್ಲಿಂದ ಬರಬೇಕು? ದವಡೆಯ ಬಟ್ಟೆಯ ಗಂಟು ಹಾಕಿದ ಹಾಗೇ ಇತ್ತು. ಶಪ್ಪಿರಕ್ಕ ಬಿಚ್ಚಿದಳು. ಕಾಸಿಲ್ಲ. ಬುರುಡೆ ಎತ್ತಿ ಅಲ್ಲಾಡಿಸಿದಳು, ಸದ್ದಿಲ್ಲ. ಕಲ್ಲಿನ ಮೇಲಿನ ಧೂಳನ್ನೆಲ್ಲ ಬೆರಳಲ್ಲಿ ಜಾಲಾಡಿದೆವು.

"ನೀನು ತೆಗೆದ್ಯೇನೇ?"

"ಈ ಬಂಡೆ ನಾನೊಬ್ಬಳೇ ಸರಿಸೋಕಾಗುತ್ತಾ ಅತ್ತೆ?" ಕ್ಯುಪ್ರಾಳಿಗೆ ಗೆದ್ದ ಖುಷಿಯಿರಲಿಲ್ಲ.

ಶಪ್ಪಿರಕ್ಕ ಬುರುಡೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಬೈಯಲಿಲ್ಲ. ಎಣ್ಣೆ ಸವರಿ ಒಂದೊಂದೇ ಮೂಳೆಯನ್ನು ಪೆಟ್ಟಿಗೆಗಿಟ್ಟಳು. ಬಾಳೆಲ್ಲ ಕಡೇ ದಿನವನ್ನೇ ನಂಬಿದ್ದ ಹೆಂಗಸು, ಕೊನೆಗೆ ಸೊಸೆಯ ಕೈ ಹಿಡಿದುಕೊಂಡಳು.

"ನಾನು ಸತ್ತಾಗ ನನ್ನ ಬಾಯಿಗೂ ಒಂದು ಇಡು ಕಣೇ. ದೇವರು ಎಬ್ಬಿಸದಿದ್ರೂ ಪರವಾಗಿಲ್ಲ. ಆಚೆ ದಡದಲ್ಲಿ ಅವನೊಬ್ಬನೇ ಇದಾನೆ."