ಕಬ್ಬಿನ ಗಾಡಿಗಳ ಸಾಲಿನ ಹಿಂದೆ

ಮಧ್ಯಾಹ್ನ ಊಟ ಮುಗಿಸಿ ಎದ್ದ ನಮ್ಮ ಮನೆಯವರು ನಾಲ್ಕು ಹೆಜ್ಜೆ ನಡೆದು ಕಟ್ಟೆಯ ಮೇಲೆ ಕುಸಿದು ಕುಳಿತರು. ಚಳಿಗಾಲದಲ್ಲೂ ಅಂಗಿ ಬೆವರಿಗೆ ತೊಯ್ದು ತೊಪ್ಪೆಯಾಗಿತ್ತು. ಎದೆ ಹಿಡಿದುಕೊಂಡು, "ವಾಯು ಆಗೇತಿ, ಒಂದಿಷ್ಟು ಅಜವಾನ ಕೊಡು" ಎಂದರು. ಕೊಟ್ಟೆ. ಅಗಿಯುತ್ತ ಅಗಿಯುತ್ತ ದವಡೆಯೂ ನೋಯುತ್ತಿದೆ ಎಂದಾಗ ಇದು ಬರೀ ವಾಯುವಲ್ಲ ಎಂದು ನನಗೆ ಹೊಳೆಯಿತು. ಹೊಲದಲ್ಲಿ ಕುಡಗೋಲು ತಾಗಿ ರಕ್ತ ಸುರಿದರೂ ನೋವು ಎನ್ನದ ಮನುಷ್ಯ ಅವರು.

ದಡ್ಡಿಯಲ್ಲಿರುವ ನನ್ನ ಅಣ್ಣನಿಗೆ ಫೋನ್ ಹಚ್ಚಿದೆ. "ಹೆದರಬ್ಯಾಡವ್ವಾ, ಈಗ ಹೊಂಟೆ" ಎಂದ. ಹುಕ್ಕೇರಿ ತಾಲೂಕಿನ ಆ ಮೂಲೆಯಿಂದ ತುಕ್ಕಾನಟ್ಟಿಗೆ ಅವನು ಬಂದು ಮುಟ್ಟುವುದು ಯಾವಾಗ! ಆಂಬುಲೆನ್ಸಿಗೆ ಕರೆ ಮಾಡಿದರೆ, ಅದು ಮೂಡಲಗಿಯಿಂದ ಬೇರೊಬ್ಬ ರೋಗಿಯನ್ನು ಕರೆದೊಯ್ದಿದೆ, ಕಾಯಬೇಕು ಎಂದರು. ಕಾಯುವ ಸ್ವಭಾವ ನನ್ನದಲ್ಲ. ಪಕ್ಕದ ಮನೆಯಲ್ಲಿರುವ ಮೈದುನ ತನ್ನ ಮೂರು ಗಾಲಿಯ ಟಂಟಂ ತಂದ. ಹಿಂದೆ ಸಾಮಾನು ಹೇರುವ ಜಾಗದಲ್ಲಿ ಕೌದಿ ಹಾಸಿ ಅವರನ್ನು ಮಲಗಿಸಿದೆವು. ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನಾನು ಕುಳಿತೆ.

ಗೋಕಾಕದ ದಾರಿ ಅರ್ಧವೂ ಮುಗಿದಿರಲಿಲ್ಲ, ಕಬ್ಬಿನ ಗಾಡಿಗಳ ಸಾಲು ಸಿಕ್ಕಿತು. ಒಂದೊಂದು ಟ್ರ್ಯಾಕ್ಟರಿಗೂ ಎರಡೆರಡು ಟ್ರ್ಯಾಲಿ, ರಸ್ತೆಯ ಎರಡೂ ಕಡೆ ಚಾಚಿಕೊಂಡ ಕಬ್ಬು, ಒಬ್ಬೊಬ್ಬ ಡ್ರೈವರನ ತಲೆಯ ಮೇಲೂ ಹಾಡಿನ ಬಾಕ್ಸು. ಒಬ್ಬನದೊಂದು ಹಾಡಾದರೆ ಇನ್ನೊಬ್ಬನದು ಬೇರೆ. ಮೈದುನ ಹಾರ್ನ್ ಒತ್ತಿ ಒತ್ತಿ ಸಾಕಾದ. ಆ ಗದ್ದಲದಲ್ಲಿ ಯಾರ ಕಿವಿಗೂ ಬೀಳಲಿಲ್ಲ. ಆಮೇಲೆ ಸಾಲು ನಿಂತೇಬಿಟ್ಟಿತು.

ನಮ್ಮ ಮನೆಯವರ ಕಣ್ಣು ಮುಚ್ಚಿದ್ದವು. ಕರೆದರೆ ಓಗೊಡಲಿಲ್ಲ. ಉಸಿರಿದೆಯೋ ಇಲ್ಲವೋ ಎಂದು ಎದೆಗೆ ಕಿವಿ ಹಚ್ಚಿದೆ. ಕೇಳಿದ್ದು ಹಾಡಿನ ಡೋಲಕ್ ಮಾತ್ರ.

"ನಿಮ್ಮಣ್ಣನ್ನ ನೋಡ್ಕೋ" ಎಂದು ಮೈದುನನನ್ನು ಹಿಂದೆ ಕೂರಿಸಿ ಕೆಳಗೆ ಹಾರಿ ಓಡಿದೆ. ನಮ್ಮ ಮುಂದಿದ್ದ ಟ್ರ್ಯಾಕ್ಟರಿನ ಡ್ರೈವರ್ ತಲೆಗೆ ಟವೆಲ್ ಸುತ್ತಿದ್ದ ನಡುವಯಸ್ಸಿನವನು. ಟ್ರ್ಯಾಲಿಯ ಪಕ್ಕದಲ್ಲಿ ಓಡಿಬಂದ ನನ್ನನ್ನು ನೋಡಿ, ತಿನ್ನಲು ಕಬ್ಬು ಎಳೆದುಕೊಳ್ಳಲು ಬಂದವಳೆಂದು ತಿಳಿದು ಕೈ ಬೀಸಿ ಕೂಗಿದ: "ಕಬ್ಬು ಹಿರೀಬ್ಯಾಡ್ರಿ ಅಕ್ಕಾರ, ತೂಕ ಕಡಿಮಿ ಬರ್ತೈತಿ!"

ನನ್ನ ಪಿತ್ತ ನೆತ್ತಿಗೇರಿತು. ಮೆಟ್ಟಿಲು ಹತ್ತಿ ಬಾಕ್ಸಿನ ವೈರು ಕಿತ್ತು ಹಾಕಿದೆ.

"ನಿನ್ನ ಕಬ್ಬಿಗಿಷ್ಟು ಬೆಂಕಿ ಹಚ್ಚ! ಹಿಂದ ನಮ್ಮ ಮನಿಯವ್ರು ಸಾಯಾಕತ್ತಾರ!"

ಸಾಯುವ ಮಾತನ್ನು ಅಲ್ಲಿಯತನಕ ನಾನು ಮನಸ್ಸಿನೊಳಗೂ ತಂದುಕೊಂಡಿರಲಿಲ್ಲ.

ಅವನು ಟಂಟಂ ಕಡೆ ಒಮ್ಮೆ ನೋಡಿದ, ಫೋನ್ ತೆಗೆದ. ಕಾರ್ಖಾನೆಯ ಮುಂದೆ ಸಾಲು ಎಷ್ಟಿದೆ ಎಂದು ಕೇಳಲು ಈ ಡ್ರೈವರುಗಳು ದಿನವಿಡೀ ಒಬ್ಬರಿಗೊಬ್ಬರು ಫೋನ್ ಮಾಡುತ್ತಲೇ ಇರುತ್ತಾರೆ. "ಏ, ಟೇಪ್ ಬಂದ್ ಮಾಡು, ಹಾರ್ನ್ ಕೇಳ್ಬೇಕು. ಹಿಂದ ಪೇಶಂಟ್ ಐತಿ. ಎಡಕ್ಕ ಇಳಿಸು, ಮುಂದಿನವಂಗೂ ಹೇಳು" ಎಂದ. ನನ್ನ ಕಡೆ ತಿರುಗಿ, "ಅಕ್ಕಾರ, ನೀವು ಓಡ್ರಿ, ಗಾಡ್ಯಾಗ ಕುಂಡ್ರಿ" ಎಂದ.

ತುಂಬಿದ ಟ್ರ್ಯಾಲಿಯ ಗಾಲಿ ಡಾಂಬರು ಬಿಟ್ಟು ಮಣ್ಣಿಗಿಳಿದರೆ ಪಲ್ಟಿಯಾಗುವುದನ್ನು ಎಷ್ಟು ಸಲ ನೋಡಿದ್ದೇನೆ. ಆ ಡ್ರೈವರುಗಳಿಗೆ ಅದು ಗೊತ್ತಿರಲಿಲ್ಲವೇ? ಆದರೂ ಇಳಿಸಿದರು. ಮೊದಲು ಅವನು, ಆಮೇಲೆ ಅವನ ಮುಂದಿನವನು. ನಾನು ಓಡಿಬಂದು ಹಿಂದೆ ಹತ್ತಿದೆ, ಮೈದುನ ಮುಂದೆ ಕುಳಿತು ಗಾಡಿ ಬಿಟ್ಟ. ನಾವು ಹೋದಂತೆಲ್ಲ ನಮಗಿಂತ ಮುಂದೆ ಒಂದೊಂದೇ ಹಾಡು ನಿಲ್ಲುತ್ತ ಹೋಯಿತು. ಕೊನೆಗೆ ನಮ್ಮ ಟಂಟಂ ಸಪ್ಪಳವೊಂದೇ ಉಳಿಯಿತು.

ನಮ್ಮ ಮನೆಯವರ ಮೂಗಿನ ಹತ್ತಿರ ಕಿವಿ ತಂದೆ. ಸಣ್ಣಗೆ, ನಡುನಡುವೆ ತಡೆದು, ಉಸಿರು ಬರುತ್ತಿತ್ತು. ನಾನು ಬಾಯಿ ಬಿಟ್ಟು ಅತ್ತೆ. ಅವರು ಕಣ್ಣು ತೆರೆದರು.

"ಹಾಡು ಯಾಕ ಬಂದ್ ಮಾಡ್ಯಾರ?"

"ನಿಮ್ಮ ಸಲುವಾಗಿ ರೀ" ಎಂದೆ. ಗೋಕಾಕದ ಆಸ್ಪತ್ರೆಯಲ್ಲಿ ಸ್ಟ್ರೆಚರ್ ಮೇಲೆ ಹಾಕುವವರೆಗೂ ಅವರ ಕೈ ಬಿಡಲಿಲ್ಲ.

ಈಗ ಮನೆಯಲ್ಲಿದ್ದಾರೆ. ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗುತ್ತಾರೆ, ಉಪ್ಪು ಕಡಿಮೆ ಹಾಕಿದ ಪಲ್ಯಕ್ಕೆ ಮುಖ ಸಿಂಡರಿಸುತ್ತಾರೆ. ಹಾಡಿನ ಮಾತು ತಾವು ಆಡಿಯೇ ಇಲ್ಲವೆಂದು ದಿನಾ ಜಗಳ ತೆಗೆಯುತ್ತಾರೆ. "ನನಗ ಎಚ್ಚರನ ಇರಲಿಲ್ಲ, ನೀನ ಕಟ್ಟಿ ಹೇಳಾಕತ್ತಿ" ಎನ್ನುತ್ತಾರೆ. ಮೊದಲಾಗಿದ್ದರೆ ಒಂದಕ್ಕೆ ಎರಡು ಹೇಳುತ್ತಿದ್ದೆ. ಈಗ ರೊಟ್ಟಿ ಬಡಿಯುತ್ತ ಸುಮ್ಮನೆ ಕೇಳುತ್ತೇನೆ. ಜಗಳ ತೆಗೆಯಲು ಎದುರಿಗೆ ಇದ್ದಾರಲ್ಲ.